ಅಲರ್ಜಿ ಅಂತ ರಿಪೋರ್ಟ್ ಇದೆ, ಆದರೂ ಅದನ್ನೇ ತಿನ್ನಿಸಿ ನೋಡಬೇಕಂತೆ. ಒಪ್ಪಬಹುದಾ?

ತುಂಟಿಯ ಅಮ್ಮ:

ಎಲ್ಲರಿಗೂ ನಮಸ್ಕಾರ. ಇದರ ಬಗ್ಗೆ ಅನುಭವ ಇರುವವರು ದಯವಿಟ್ಟು ಹೇಳಿ.

ಮಗಳಿಗೆ ನಾಲ್ಕು ವರ್ಷ. ಇನ್ನೂ ವರ್ಷ ತುಂಬಿರಲಿಲ್ಲ, ಆಗ ಕಡಲೆಬೀಜದ ಬೆಣ್ಣೆ ಸ್ವಲ್ಪ ನಾಲಿಗೆಗೆ ತಾಗಿಸಿದ್ದಕ್ಕೆ ಬಾಯಿ ಸುತ್ತ, ಕತ್ತಿನ ಮೇಲೆ, ಹೊಟ್ಟೆ ಮೇಲೆ ಕೆಂಪು ದದ್ದು ಎದ್ದಿತ್ತು. ವಾಂತಿ ಇಲ್ಲ, ಉಸಿರಿನ ತೊಂದರೆ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಕಡಲೆಬೀಜಕ್ಕೆ ಪಾಸಿಟಿವ್ ಬಂತು. ಅವತ್ತಿನಿಂದ ಮನೆಯೊಳಗೆ ಕಡಲೆಬೀಜ ಬಂದಿಲ್ಲ. ಪ್ರತಿ ಪೊಟ್ಟಣದ ಹಿಂದೆ ಇರುವ ಸಣ್ಣ ಅಕ್ಷರ ಓದಿ ಓದಿ ಸಾಕಾಗಿದೆ. ಯಾರದಾದರೂ ಹುಟ್ಟುಹಬ್ಬಕ್ಕೆ ಕರೆದರೆ ಹೋಗಬೇಕೋ ಬೇಡವೋ ಅಂತ ಮನೆಯಲ್ಲಿ ಮೀಟಿಂಗ್ ಆಗುತ್ತದೆ.

ಈಗ ಹೊಸದಾಗಿ ಅಲರ್ಜಿ ಡಾಕ್ಟರ್ ಒಬ್ಬರಿಗೆ ತೋರಿಸಿದೆವು. ಕೈ ಮೇಲೆ ಚುಚ್ಚಿ ನೋಡಿದರು, 4 ಮಿಲಿಮೀಟರ್ ಗಂಟು ಎದ್ದಿತು. ರಕ್ತದಲ್ಲಿ ಐಜಿಇ (ಅಲರ್ಜಿಯಲ್ಲಿ ಕಾಣುವ ಪ್ರತಿಕಾಯ) 1.8 ಇದೆ. ಎರಡೂ ಪಾಸಿಟಿವ್ ಅಂತಲೇ ಬರೆದಿದ್ದಾರೆ. ಅದೇ ಡಾಕ್ಟರ್ ಈಗ, ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಸ್ವಲ್ಪ ಸ್ವಲ್ಪವಾಗಿ ಕಡಲೆಬೀಜ ತಿನ್ನಿಸಿ ನೋಡೋಣ, ಫುಡ್ ಚಾಲೆಂಜ್ ಅಂತಾರೆ ಇದಕ್ಕೆ, ಅಂತ ಹೇಳುತ್ತಿದ್ದಾರೆ. ನನಗೆ ಅರ್ಥವೇ ಆಗುತ್ತಿಲ್ಲ. ಪಾಸಿಟಿವ್ ಅಂತ ಗೊತ್ತಿದ್ದೂ ಗೊತ್ತಿದ್ದೂ ಯಾಕೆ ತಿನ್ನಿಸಬೇಕು? ತಿನ್ನಿಸಲೇಬೇಕು ಅಂದರೆ ಮನೆಯಲ್ಲೇ ಚೂರು ಕೊಟ್ಟು ನೋಡಿದರೆ ಆಗಲ್ವಾ?

ನಮ್ಮವರು ಮಾಡಿಸೋಣ ಅಂತಾರೆ. ಅತ್ತೆ ಸುತರಾಂ ಬೇಡ ಅಂತಾರೆ. ನಾನು ಮಧ್ಯದಲ್ಲಿ. ಇನ್ನೊಬ್ಬರು ನೂರು ಬಗೆ ಆಹಾರಕ್ಕೆ ಒಂದೇ ಸಲ ನೋಡುವ ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ಟೆಸ್ಟ್ ಇದೆ, ಅದನ್ನು ಮಾಡಿಸಿ ಅಂತಿದ್ದಾರೆ. ಹ್ಞಾಂ, ಶೀತ ಆದಾಗ ಮಗಳಿಗೆ ಸ್ವಲ್ಪ ಉಬ್ಬಸ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಕೇಕ್ ಅಪ್ಪ:

ನಮ್ಮ ಮಗನಿಗೆ ಹಾಲಿನ ಅಲರ್ಜಿ. ಚಾಲೆಂಜ್ ಮಾಡಿಸಿದ್ದೇವೆ, ಫೇಲ್ ಆಗಿದ್ದೇವೆ, ಮತ್ತೆ ಮಾಡಿಸಿದ್ದೇವೆ. ಹಾಗಾಗಿ ಆ ದಿನ ಹೇಗಿರುತ್ತದೆ ಅಂತ ಹೇಳಬಲ್ಲೆ, ವೈದ್ಯಕೀಯ ವಿಷಯ ಗೊತ್ತಿರುವವರು ಹೇಳಲಿ.

ಮೊದಲು ಒಂದು ಮಾತು: ಇಡೀ ದಿನದಲ್ಲಿ ಜಾಸ್ತಿ ಇರುವುದು ಭಯ ಅಲ್ಲ, ಬೇಜಾರು. ನಿಜವಾಗಿ. ಬೆಳಿಗ್ಗೆ ಹೋದ ತಕ್ಷಣ ಮೈ ಪೂರ್ತಿ ನೋಡುತ್ತಾರೆ, ಮೊದಲೇ ಇರುವ ಗುಳ್ಳೆ, ಕೆರೆತದ ಗುರುತು ಎಲ್ಲ ಬರೆದುಕೊಳ್ಳುತ್ತಾರೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, ಬಿಪಿ, ಆಕ್ಸಿಜನ್ ನೋಡುತ್ತಾರೆ, ತೂಕಕ್ಕೆ ತಕ್ಕಂತೆ ಅಡ್ರಿನಲಿನ್ (ಜೋರು ರಿಯಾಕ್ಷನ್‌ಗೆ ಕೊಡುವ ಇಂಜೆಕ್ಷನ್) ಎಷ್ಟು ಬೇಕಾದೀತು ಅಂತ ಮೊದಲೇ ಲೆಕ್ಕ ಹಾಕಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಆಮೇಲೆ ಮೊದಲ ಡೋಸ್. ಅದು ಎಷ್ಟು ಕಮ್ಮಿ ಅಂದರೆ ನನ್ನ ಹೆಂಡತಿ "ಇಷ್ಟೇನಾ?" ಅಂತ ಕೇಳಿಯೇಬಿಟ್ಟಳು. ಕಾಯಬೇಕು. ಮತ್ತೆ ಮೈ ನೋಡುತ್ತಾರೆ. ಎರಡನೇ ಡೋಸ್. ಮತ್ತೆ ಕಾಯಬೇಕು. ಹೀಗೇ ಹೋಗುತ್ತದೆ. ಆಟಿಕೆ, ಪುಸ್ತಕ, ಫೋನಿನಲ್ಲಿ ಕಾರ್ಟೂನ್ ಎಲ್ಲ ತುಂಬಿಕೊಂಡು ಹೋಗಿ. ಬದಲಿ ಬಟ್ಟೆ ಒಂದು ಜೊತೆ ಜಾಸ್ತಿಯೇ ಇರಲಿ.

ನಮಗೆ ನಿಜವಾದ ಕಷ್ಟ ಆಗಿದ್ದು ಬೇರೆ ಕಡೆ. ಹುಟ್ಟಿದಾಗಿನಿಂದ "ಅದು ಮುಟ್ಟಬೇಡ, ಅದು ನಿನಗಾಗಲ್ಲ" ಅಂತ ಹೇಳಿಸಿಕೊಂಡೇ ಬೆಳೆದ ಮಗು, ಒಂದು ದಿನ ಇದ್ದಕ್ಕಿದ್ದಂತೆ ನೀವೇ ಚಮಚ ಹಿಡಿದು "ತಿನ್ನು" ಅಂದರೆ ಬಾಯಿ ತೆರೆಯುತ್ತಾ? ನಮ್ಮವನು ತುಟಿ ಬಿಗಿ ಹಿಡಿದು ಕೂತುಬಿಟ್ಟ. ಅರ್ಧ ಡೋಸ್‌ಗೆ ನಿಂತುಹೋದರೆ ಪಾಸೂ ಇಲ್ಲ, ಫೇಲೂ ಇಲ್ಲ, ಇಡೀ ದಿನ ದಂಡ. ಹಾಗಾಗಿ ಯಾವುದರಲ್ಲಿ ಬೆರೆಸಿ ಕೊಡಬಹುದು ಅಂತ ಮೊದಲೇ ಅವರನ್ನು ಕೇಳಿಕೊಳ್ಳಿ. ಮಗಳಿಗೆ ಇಷ್ಟವಾದ, ಈಗಾಗಲೇ ತೊಂದರೆ ಇಲ್ಲದೆ ತಿನ್ನುವ ಒಂದೆರಡು ತಿನಿಸು ಜೊತೆಗಿರಲಿ. ಮಗುವಿಗೆ ಸುಳ್ಳು ಹೇಳಬೇಡಿ, "ಇವತ್ತು ಡಾಕ್ಟರ್ ಇರುವಾಗ ಮಾತ್ರ ತಿಂದು ನೋಡೋಣ" ಅಂತ ಒಂದು ವಾರ ಮೊದಲಿನಿಂದಲೇ ಮಾತಿನ ಮಧ್ಯೆ ಹೇಳುತ್ತಾ ಬನ್ನಿ.

ಇನ್ನು ಫೇಲ್ ಆದ ದಿನದ ಬಗ್ಗೆ. ಕೊನೆಯ ಡೋಸ್‌ಗಳ ಹೊತ್ತಿಗೆ ಕೆಮ್ಮು ಶುರುವಾಯಿತು, ಬೆನ್ನ ಮೇಲೆ ದದ್ದು ಬಂತು. ನಾನು ಏನು ಅಂತ ಕೇಳುವಷ್ಟರಲ್ಲಿ ನರ್ಸ್ ತೊಡೆಗೆ ಇಂಜೆಕ್ಷನ್ ಕೊಟ್ಟಾಗಿತ್ತು. ಕೆಲವೇ ನಿಮಿಷದಲ್ಲಿ ಕೆಮ್ಮು ನಿಂತಿತು. ಅತ್ತ, ಆಮೇಲೆ ನಿದ್ದೆ ಮಾಡಿದ. ಸುಲಭ ಇರಲಿಲ್ಲ, ಸುಮ್ನೆ ಸಮಾಧಾನಕ್ಕೆ ಹೇಳುವುದಿಲ್ಲ. ಆದರೆ ಅವನಿಗೆ ರಿಯಾಕ್ಷನ್ ಆದರೆ ಹೇಗೆ ಕಾಣುತ್ತದೆ, ಎಷ್ಟು ತಿಂದರೆ ಆಗುತ್ತದೆ, ಇಂಜೆಕ್ಷನ್ ಕೆಲಸ ಮಾಡುತ್ತದಾ ಅಂತ ಅವತ್ತು ಕಣ್ಣಾರೆ ಗೊತ್ತಾಯಿತು. ಮುಂಚೆ ಯಾರಾದರೂ ಅವನ ಹತ್ತಿರ ಹಾಲಿನ ಲೋಟ ಇಟ್ಟರೂ ಜೀವ ಹೋದಂತಾಗುತ್ತಿತ್ತು, ಈಗ ಹಾಗಿಲ್ಲ.

ಆಮೇಲೆ ಕೇಕಿನಲ್ಲಿ ಬೇಯಿಸಿದ ಹಾಲಿಗೆ ಬೇರೆ ಚಾಲೆಂಜ್ ಮಾಡಿಸಿದೆವು. ಅದು ಪಾಸ್. ಹಾಗೇ ಕುಡಿಯುವ ಹಾಲು ಆಗದ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಹೀಗೆ ಕೇಕಿನೊಳಗೆ ಓವನ್ನಿನಲ್ಲಿ ಚೆನ್ನಾಗಿ ಬೆಂದ ಹಾಲು ಆಗುತ್ತದಂತೆ, ಬಿಸಿಗೆ ಪ್ರೋಟೀನಿನ ಆಕಾರ ಬದಲಾಗುತ್ತದೆ ಅಂತ ವಿವರಿಸಿದರು. ನನ್ನ ಹೆಸರಿನ ಹಿನ್ನೆಲೆ ಅದೇ.

ವಾರ್ಡ್ ನರ್ಸ್:

ಮಕ್ಕಳ ಅಲರ್ಜಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಗಳನ್ನು ನಾನು ನೋಡಿಲ್ಲ, ನಿರ್ಧಾರ ನಿಮ್ಮ ಡಾಕ್ಟರ್ ಜೊತೆಯೇ ಆಗಬೇಕು. ಆದರೆ ಅವರು ಯಾಕೆ ಹೀಗೆ ಹೇಳಿದರು ಅಂತ ವಿವರಿಸಬಲ್ಲೆ.

"ಪಾಸಿಟಿವ್" ಅನ್ನುವ ಪದವೇ ಅರ್ಧ ಗಲಾಟೆಗೆ ಕಾರಣ. ರಕ್ತದಲ್ಲಿ ಕಡಲೆಬೀಜದ ಐಜಿಇ ಇದೆ ಅಂದರೆ ದೇಹಕ್ಕೆ ಕಡಲೆಬೀಜದ ಪರಿಚಯ ಆಗಿದೆ ಅಂತ ಅರ್ಥ, ಜಗಳ ಇದೆ ಅಂತಲೇ ಅರ್ಥ ಅಲ್ಲ. ಐಜಿಇ ಪಾಸಿಟಿವ್ ಇದ್ದೂ ಆ ಆಹಾರವನ್ನು ಆರಾಮಾಗಿ ತಿಂದುಕೊಂಡಿರುವ ಮಕ್ಕಳು ಎಷ್ಟೋ ಜನ ಇದ್ದಾರೆ. ನೆಗೆಟಿವ್ ಬಂದರೆ ಆ ಉತ್ತರವನ್ನು ಹೆಚ್ಚುಕಮ್ಮಿ ನಂಬಬಹುದು. ಪಾಸಿಟಿವ್ ಬಂದರೆ ಎಷ್ಟು ಬಂದಿದೆ, ಹಿಂದೆ ತಿಂದಾಗ ಏನಾಗಿತ್ತು ಅಂತ ಎರಡನ್ನೂ ಕೂಡಿಸಿ ನೋಡಬೇಕು.

ಚುಚ್ಚುವ ಪರೀಕ್ಷೆಯಲ್ಲಿ 3 ಮಿಲಿಮೀಟರ್ ದಾಟಿದರೆ ಪಾಸಿಟಿವ್ ಅಂತ ಬರೆಯುತ್ತಾರೆ. ಕಡಲೆಬೀಜಕ್ಕೆ ಅದು 8 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅಲರ್ಜಿ ಇರುವ ಸಾಧ್ಯತೆ ತುಂಬಾ ಜಾಸ್ತಿ. ರಕ್ತದಲ್ಲಿ ಹಾಗೆಯೇ, 14ರ ಆಸುಪಾಸಿನಿಂದ ಮೇಲೆ ಇದ್ದರೆ ಹೆಚ್ಚಿನ ಡಾಕ್ಟರುಗಳು ಚಾಲೆಂಜ್ ಗೊಡವೆಗೇ ಹೋಗುವುದಿಲ್ಲ. ನಿಮ್ಮದು 4 ಮತ್ತು 1.8. ಇದು ನಡುವಿನ ಜಾಗ, ಇತ್ತ ಹೌದು ಅನ್ನಲೂ ಆಗದು, ಅತ್ತ ಇಲ್ಲ ಅನ್ನಲೂ ಆಗದು. ಜೊತೆಗೆ ಹಳೆಯ ರಿಯಾಕ್ಷನ್ ಬರೀ ಚರ್ಮದ್ದು, ಅದೂ ಮೂರು ವರ್ಷದ ಹಿಂದಿನದು. ಕಡಲೆಬೀಜದ ಅಲರ್ಜಿ ಇರುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದು ತಾನಾಗಿ ಹೋಗುತ್ತದೆ. ಹಾಲು, ಮೊಟ್ಟೆಯಲ್ಲಿ ಇನ್ನೂ ಜಾಸ್ತಿ ಮಕ್ಕಳಿಗೆ ಹೋಗುತ್ತದೆ. ನಿಮ್ಮ ಮಗಳು ಆ ಗುಂಪಿನಲ್ಲಿ ಇರಬಹುದಾ ಅಂತ ತಿಳಿಯಲು ತಿನ್ನಿಸಿ ನೋಡುವುದು ಬಿಟ್ಟು ಖಚಿತವಾದ ದಾರಿ ಇಲ್ಲ. ಕಡಲೆಬೀಜದಲ್ಲಿ ಅರಾ ಎಚ್ 2 ಅನ್ನುವ ಒಂದು ಪ್ರೋಟೀನ್ ಇದೆ, ಅದಕ್ಕೆ ಮಾತ್ರ ಐಜಿಇ ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ ಸಿಗುತ್ತದೆ. ಅದು ಇನ್ನಷ್ಟು ಸುಳಿವು ಕೊಡುತ್ತದೆ. ಮಾಡಿಸಿದ್ದಾರಾ ಅಂತ ಕೇಳಿ.

ಇನ್ನೊಂದು ವಿಷಯ. ಆ ನಂಬರ್ ಜಾಸ್ತಿ ಇದ್ದರೆ ರಿಯಾಕ್ಷನ್ ಜೋರಾಗಿರುತ್ತದೆ, ಕಮ್ಮಿ ಇದ್ದರೆ ಮೆಲ್ಲಗಿರುತ್ತದೆ ಅಂತ ಅಲ್ಲ. ಅದಕ್ಕೇ ಮನೆಯಲ್ಲಿ ಬೇಡ ಅನ್ನುವುದು. 1.8 ಇರುವ ಮಗುವಿಗೂ ಉಸಿರು ಕಟ್ಟಬಹುದು.

ಡೋಸ್ ಹೇಗಿರುತ್ತದೆ ಅಂದರೆ, 2012ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರು ಸೇರಿ ಒಪ್ಪಿಕೊಂಡ ಒಂದು ಕ್ರಮ ಇದೆ, ಪ್ರ್ಯಾಕ್ಟಾಲ್ ಅಂತಾರೆ. ಅದರಲ್ಲಿ ಪ್ರೋಟೀನ್ ಲೆಕ್ಕದಲ್ಲಿ 3 ಮಿಲಿಗ್ರಾಂನಿಂದ ಶುರು, ಆಮೇಲೆ 10, 30, 100, 300, 1000, ಕೊನೆಗೆ 3000. ಪ್ರತಿ ಡೋಸ್ ನಡುವೆ ಕನಿಷ್ಠ 20 ನಿಮಿಷ. ಒಂದು ಕಡಲೆಬೀಜದಲ್ಲಿ ಸುಮಾರು 250 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ, ಅಂದರೆ ಮೊದಲ ಡೋಸ್ ಒಂದು ಬೀಜದ ಎಂಬತ್ತರಲ್ಲಿ ಒಂದು ಪಾಲು. ಇದನ್ನು ಮನೆಯ ಚಮಚದಲ್ಲಿ ಅಳೆಯಲು ಆಗಲ್ಲ. ಎಲ್ಲ ಕಡೆಯೂ ಏಳು ಮೆಟ್ಟಿಲು ಇರುವುದಿಲ್ಲ, ಮಗುವಿನ ವಯಸ್ಸು ನೋಡಿ ಕಮ್ಮಿ ಮಾಡುವವರೂ ಇದ್ದಾರೆ. ಕೊನೆಯ ಡೋಸ್ ಆದ ಮೇಲೆ ಒಂದೆರಡು ಗಂಟೆ ಕೂರಿಸಿಕೊಳ್ಳುತ್ತೇವೆ. ಅಡ್ರಿನಲಿನ್ ಕೊಡಬೇಕಾಗಿ ಬಂದರೆ ಇನ್ನೂ ಹೆಚ್ಚು ಹೊತ್ತು, ಯಾಕಂದರೆ ಇಳಿದ ರಿಯಾಕ್ಷನ್ ಕೆಲವು ಗಂಟೆ ಬಿಟ್ಟು ಮತ್ತೆ ಏಳುವುದುಂಟು.

ಅಮೆರಿಕದ ಐದು ಅಲರ್ಜಿ ಕೇಂದ್ರಗಳ ಆರು ಸಾವಿರಕ್ಕೂ ಹೆಚ್ಚು ಚಾಲೆಂಜ್ ಸೇರಿಸಿ ನೋಡಿದಾಗ ಸುಮಾರು 14% ಚಾಲೆಂಜ್‌ಗಳಲ್ಲಿ ರಿಯಾಕ್ಷನ್ ಆಗಿತ್ತು, ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಅಪಾಯ ತರಬಲ್ಲ ಜೋರು ರಿಯಾಕ್ಷನ್) ಅನ್ನುವಷ್ಟು ಆಗಿದ್ದು ಸುಮಾರು 2%. ಸಾವು ತೀರಾ ಅಪರೂಪ, ಆದರೆ ಆಗಿಯೇ ಇಲ್ಲ ಅಂತಲ್ಲ. ಹಾಗಾಗಿ ನಿಮ್ಮ ಅತ್ತೆಯ ಭಯವನ್ನು ಸುಮ್ನೆ ಭಯ ಅಂತ ತಳ್ಳಿಹಾಕಬೇಡಿ, ಸಾಧ್ಯವಾದರೆ ಡಾಕ್ಟರ್ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ.

ಉಬ್ಬಸದ ವಿಷಯ ಹೇಳಿದ್ದು ಒಳ್ಳೆಯದಾಯಿತು. ಆ ವಾರ ಶೀತ, ಜ್ವರ, ಉಬ್ಬಸ ಏನೇ ಇದ್ದರೂ ಫೋನ್ ಮಾಡಿ ದಿನ ಮುಂದೂಡಿ. ಉಬ್ಬಸ ಹಿಡಿತದಲ್ಲಿ ಇಲ್ಲದ ಮಗುವಿಗೆ ಚಾಲೆಂಜ್ ಮಾಡುವುದೇ ಇಲ್ಲ. ದಿನಾ ತಗೊಳ್ಳುವ ಪಫ್ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಅಲರ್ಜಿಗೆ, ನೆಗಡಿಗೆ ಕೊಡುವ ಆಂಟಿಹಿಸ್ಟಮಿನ್ ಸಿರಪ್ ಮಾತ್ರ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮೊದಮೊದಲ ಲಕ್ಷಣಗಳು ಅದರಡಿ ಮುಚ್ಚಿಹೋಗುತ್ತವೆ. ಎಷ್ಟು ದಿನ ಅಂತ ಔಷಧಿ ಹೆಸರು ಹೇಳಿ ಕೇಳಿಕೊಳ್ಳಿ.

ಐಜಿಜಿ ಪ್ಯಾನೆಲ್ ಬಗ್ಗೆ ಒಂದೇ ಸಾಲು. ದುಡ್ಡು ದಂಡ. ಏನಾದರೂ ತಿಂದರೆ ಅದಕ್ಕೆ ಐಜಿಜಿ ಬರುವುದು ಸಹಜ, ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ.

ನೇರ ಮಾತು:

ಎಲ್ಲರೂ ಮಾಡಿಸಿ ಮಾಡಿಸಿ ಅಂತಿದ್ದೀರಿ. ನಾನು ಉಲ್ಟಾ ಹೇಳುತ್ತೇನೆ. ಕಡಲೆಬೀಜ ತಿನ್ನದಿದ್ದರೆ ಮಗು ಏನು ಕಳೆದುಕೊಳ್ಳುತ್ತದೆ? ಹಾಲು, ಗೋಧಿ ಆದರೆ ಬೇರೆ ಮಾತು, ಅದಿಲ್ಲದೆ ದಿನ ನಡೆಯುವುದು ಕಷ್ಟ. ಇದು ಹಾಗಲ್ಲ. ಇಷ್ಟು ವರ್ಷ ನಡೆದಿದೆ, ಇನ್ನಷ್ಟು ವರ್ಷ ನಡೆಯುತ್ತದೆ. 2% ಅಂತ ಓದುವಾಗ ಚಿಕ್ಕದಾಗಿ ಕಾಣುತ್ತದೆ, ಆ ಎರಡರಲ್ಲಿ ನಮ್ಮ ಮಗು ಇದ್ದರೆ? ನಮ್ಮ ಅಕ್ಕನ ಮಗನಿಗೆ ಬೇಡ ಅಂತಲೇ ಬಿಟ್ಟೆವು. ಆರಾಮಾಗಿದ್ದಾನೆ.

ವಾರ್ಡ್ ನರ್ಸ್:

ನೇರ ಮಾತು ಅವರೇ, ನೀವು ಹೇಳಿದ್ದರಲ್ಲಿ ಹುರುಳಿದೆ. ಚಾಲೆಂಜ್ ಕಡ್ಡಾಯ ಅಲ್ಲ. ಇತ್ತೀಚೆಗಷ್ಟೇ ಜೋರಾದ ರಿಯಾಕ್ಷನ್ ಆಗಿದ್ದರೆ ನಾವೇ ಬೇಡ ಅನ್ನುತ್ತೇವೆ. ಮಗುವಿಗೆ, ಮನೆಯವರಿಗೆ ಆ ಆಹಾರ ತಿನ್ನುವ ಇಚ್ಛೆಯೇ ಇಲ್ಲದಿದ್ದರೆ ಆತುರವೂ ಇಲ್ಲ.

ಆದರೆ ತಿನ್ನದೆ ಇರುವುದು ಪುಕ್ಕಟೆ ಅಲ್ಲ. ಒಂದು ಬಿಟ್ಟರೆ ಅದರ ಹಿಂದೆ ಇನ್ನೊಂದು ಬಿಡುತ್ತಾ ಹೋಗುವ ಮನೆಗಳನ್ನು ದಿನಾ ನೋಡುತ್ತೇನೆ. ಕಡಲೆಬೀಜ ಬೇಡ ಅಂದವರು ಎಲ್ಲ ಬಗೆಯ ಬೀಜ ಬೇಡ ಅಂತಾರೆ, ಆಮೇಲೆ ಬೇಳೆಯೂ ಅನುಮಾನ. ಅಮೆರಿಕದ ಡೆನ್ವರ್‌ನ ಆಸ್ಪತ್ರೆಯೊಂದರಲ್ಲಿ ಹೀಗೆ ಹಲವು ಆಹಾರ ಬಿಟ್ಟಿದ್ದ 125 ಮಕ್ಕಳನ್ನು ನೋಡಿದ ವರದಿ 2011ರಲ್ಲಿ ಬಂತು, ಅವರಲ್ಲಿ ಹೆಚ್ಚಿನವರಿಗೆ ಎಕ್ಸಿಮಾ (ಚರ್ಮ ಒಣಗಿ ಕೆರೆಯುವ ಕಾಯಿಲೆ) ಇತ್ತು. ಅವರಿಗೆ ಮಾಡಿದ 364 ಚಾಲೆಂಜ್‌ಗಳಲ್ಲಿ 325 ಪಾಸ್. ಎಷ್ಟೋ ಆಹಾರವನ್ನು ಬರೀ ಪರೀಕ್ಷೆಯ ರಿಪೋರ್ಟ್ ನೋಡಿ ನಿಲ್ಲಿಸಲಾಗಿತ್ತು.

ಮತ್ತೆ ಒಂದು ಮಾತು. ಶಾಲೆಗೆ ಸೇರಿದ ಮೇಲೆ ಯಾರದೋ ಡಬ್ಬಿಯಿಂದ ಗೊತ್ತಿಲ್ಲದೆ ತಿಂದು ಅಲ್ಲಿ ರಿಯಾಕ್ಷನ್ ಆಗುವುದಕ್ಕಿಂತ, ಇಂಜೆಕ್ಷನ್ ಪಕ್ಕದಲ್ಲಿ ಇಟ್ಟುಕೊಂಡು ನೋಡುವುದು ನನಗೆ ಮೇಲು ಅನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಬಹುದು.

ಎರಡು ಗಂಟೆ ನಂತರ (ಇದು ನನ್ನ ಹೆಸರು):

ವಿಷಯ ಸ್ವಲ್ಪ ಬೇರೆ, ಆದರೂ ಓದುವವರಿಗೆ ಗೊತ್ತಿರಲಿ. ನಮ್ಮ ಮಗುವಿಗೆ ಇರುವುದು ಎಫ್‌ಪಿಐಇಎಸ್ ಅನ್ನುವ, ಹೊಟ್ಟೆ-ಕರುಳಿಗೆ ತೊಂದರೆ ಕೊಡುವ ಆಹಾರ ಅಲರ್ಜಿಯ ಜಾತಿ. ದದ್ದಿಲ್ಲ, ಕೆರೆತ ಇಲ್ಲ. ತಿಂದು ಸುಮಾರು ಎರಡು ಗಂಟೆ ಬಿಟ್ಟು ಒಂದರ ಹಿಂದೆ ಒಂದು ವಾಂತಿ, ಮೈ ಬಿಳಿಚಿಕೊಂಡು ಕೈಕಾಲು ಸೋತು ಮಲಗಿಬಿಡುತ್ತದೆ. ಇದಕ್ಕೆ ಐಜಿಇ ಕಾರಣವೇ ಅಲ್ಲ, ಹಾಗಾಗಿ ಚುಚ್ಚಿ ನೋಡಿದರೂ ರಕ್ತ ನೋಡಿದರೂ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಹೊಟ್ಟೆ ಸೋಂಕು ಅಂತ ಮನೆಗೆ ಕಳಿಸುತ್ತಲೇ ಇದ್ದರು.

ಇದರ ಚಾಲೆಂಜ್ ಬೇರೆ ತರಹ. ಡೋಸ್ ಕೊಟ್ಟು ಕೆಲವು ಗಂಟೆ ಕಾಯುತ್ತಾರೆ, ನೀರಿನಂಶ ತುಂಬಲು ಡ್ರಿಪ್ ತಯಾರಿಟ್ಟಿರುತ್ತಾರೆ, ವಾಂತಿ ನಿಲ್ಲಲು ಒಂಡಾನ್ಸೆಟ್ರಾನ್ ಇರುತ್ತದೆ. ಮನೆಯಲ್ಲಿ ಕೊಟ್ಟು "ಅರ್ಧ ಗಂಟೆ ಆಯಿತು, ಏನೂ ಆಗಿಲ್ಲ" ಅಂತ ಖುಷಿಪಟ್ಟು ಇನ್ನಷ್ಟು ಕೊಡುವವರಿಗೆ ಈ ಕಾಯಿಲೆ ಸರಿಯಾಗಿ ಪೆಟ್ಟು ಕೊಡುತ್ತದೆ.

ತುಂಟಿಯ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನರ್ಸ್ ಮೇಡಂ, ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ಎಂಬತ್ತರಲ್ಲಿ ಒಂದು ಪಾಲು ಅಂದಾಗ ಸ್ವಲ್ಪ ಮೆತ್ತಗಾದರು, ಸಾವಿನ ಮಾತು ಬಂದಾಗ ಮತ್ತೆ ಗಟ್ಟಿಯಾದರು. ಡಾಕ್ಟರ್ ಹತ್ತಿರ ಬರಲು ಒಪ್ಪಿದ್ದಾರೆ, ಅಷ್ಟು ಸಾಕು ಸದ್ಯಕ್ಕೆ.

ಎರಡು ಪ್ರಶ್ನೆ ಉಳಿದಿವೆ. ಪಾಸ್ ಆದರೆ ಆಮೇಲೆ ಏನು, ಬೇಕಾದಾಗ ತಿನ್ನಬಹುದು ಅಂತಲಾ? ಇನ್ನೊಂದು, ಮನೆಯಲ್ಲಿ ಐದು ತಿಂಗಳ ಮಗನೂ ಇದ್ದಾನೆ. ಅವನಿಗೆ ಕೆನ್ನೆ ಮೇಲೆ, ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ ಇದೆ. ಅವನಿಗೆ ಕಡಲೆಬೀಜ ಯಾವಾಗ?

ಕೇಕ್ ಅಪ್ಪ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಪಾಸ್ ಆದ ಮೇಲೆ ಕೆಲಸ ಶುರುವಾಗುವುದು. ವಾರದಲ್ಲಿ ಒಂದೆರಡು ಸಲ ತಿನ್ನಿಸುತ್ತಲೇ ಇರಬೇಕು ಅಂತ ನಮಗೆ ಹೇಳಿದರು. ಪಾಸ್ ಆಗಿಯೂ ಹೆದರಿ ಕೊಡದೆ ಬಿಟ್ಟ ಮಕ್ಕಳಲ್ಲಿ ಕೆಲವರಿಗೆ ಅಲರ್ಜಿ ವಾಪಸ್ ಬಂದದ್ದುಂಟಂತೆ. ಬರೆಯುವಾಗ ಸುಲಭ. ನಮ್ಮವನಿಗೆ ಕೇಕ್ ಬಿಟ್ಟರೆ ಬೇರೆ ಯಾವ ರೂಪದಲ್ಲೂ ಬೇಡ, ಅದೂ ಅಂಚು ಮಾತ್ರ, ಮಧ್ಯದ್ದು ಅಪ್ಪನಿಗೆ. ನನ್ನ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ.

ಮನೆಯವರೆಲ್ಲರಿಗೂ ಪಾಸ್ ಆಗಿದೆ ಅಂತ ಸ್ಪಷ್ಟವಾಗಿ ಹೇಳಿ. ಶಾಲೆಗೂ ಹೇಳಿ. ಇಲ್ಲದಿದ್ದರೆ ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಕೈಯಿಂದ ಕಿತ್ತುಕೊಳ್ಳುತ್ತಾರೆ, ಮಗು ತಲೆ ಕೆರೆದುಕೊಳ್ಳುತ್ತದೆ.

ವಾರ್ಡ್ ನರ್ಸ್:

ಕೇಕ್ ಅಪ್ಪ ಸರಿಯಾಗಿ ಹೇಳಿದರು. ಒಂದನ್ನು ಸೇರಿಸುತ್ತೇನೆ: ಫೇಲ್ ಆದರೆ ಬರೆದುಕೊಟ್ಟ ಪ್ಲ್ಯಾನ್ ಕೈಯಲ್ಲಿ ಇಲ್ಲದೆ ಆಸ್ಪತ್ರೆಯಿಂದ ಹೊರಡಬೇಡಿ. ಯಾವ ಲಕ್ಷಣಕ್ಕೆ ಅಡ್ರಿನಲಿನ್ ಕೊಡಬೇಕು, ಎಷ್ಟು, ತೊಡೆಯ ಹೊರಭಾಗದಲ್ಲಿ ಹೇಗೆ ಚುಚ್ಚಬೇಕು, ಎಲ್ಲ ನಿಮ್ಮ ಕೈಯಲ್ಲೇ ಮಾಡಿಸಿ ತೋರಿಸಲಿ. ಉಸಿರಿನ ತೊಂದರೆಗೆ ಸಿರಪ್ ಕುಡಿಸಿ ಕಾಯುವುದು ಬೇಡವೇ ಬೇಡ.

ಚಿಕ್ಕವನ ವಿಷಯ ನಿಜವಾಗಿ ಈಗ ಹೆಚ್ಚು ತುರ್ತು. ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಅವರ ತಂಡ ಮಾಡಿದ ಲೀಪ್ ಅಧ್ಯಯನ 2015ರಲ್ಲಿ ಹೊರಬಂತು. ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳೊಳಗಿನ 640 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷದವರೆಗೆ ಕಡಲೆಬೀಜ ಕೊಡುತ್ತಾ ಬಂದರು, ಇನ್ನೊಂದಕ್ಕೆ ಕೊಡಲೇ ಇಲ್ಲ. ಮೊದಲು ಚುಚ್ಚಿ ನೋಡಿದಾಗ ನೆಗೆಟಿವ್ ಇದ್ದವರಲ್ಲಿ, ಕೊಡದ ಗುಂಪಿನಲ್ಲಿ 13.7% ಮಕ್ಕಳಿಗೆ ಅಲರ್ಜಿ ಬಂತು, ತಿಂದ ಗುಂಪಿನಲ್ಲಿ 1.9%ಗೆ ಮಾತ್ರ. ಐದು ವರ್ಷಕ್ಕೆ ಅಲರ್ಜಿ ಇದೆಯೋ ಇಲ್ಲವೋ ಅಂತ ಕೊನೆಗೆ ಹೆಚ್ಚಿನವರಲ್ಲಿ ತೀರ್ಮಾನ ಮಾಡಿದ್ದು ಯಾವುದರಿಂದ ಗೊತ್ತಾ? ಇದೇ ಚಾಲೆಂಜ್‌ನಿಂದ.

ಎಕ್ಸಿಮಾ ಜೋರಾಗಿದೆ ಅಂದರೆ ನೀವಾಗಿ ಶುರು ಮಾಡಬೇಡಿ, ಮೊದಲು ಪರೀಕ್ಷೆ ಮಾಡಿಸಿ, ಬೇಕಾದರೆ ಅಲ್ಲೇ ಮೊದಲ ತುತ್ತು ಕೊಡಿಸುತ್ತಾರೆ. ಅಷ್ಟೇನೂ ಇಲ್ಲ ಅಂದರೆ ಆರು ತಿಂಗಳ ಹೊತ್ತಿಗೆ ಮನೆಯಲ್ಲೇ ಶುರು ಮಾಡಿ ಅನ್ನಬಹುದು. ಜೋರಾ ಅಲ್ವಾ ಅಂತ ಅವನನ್ನು ನೋಡದೆ ನಾನು ಹೇಳಲಾರೆ, ಮಗಳ ಅಪಾಯಿಂಟ್‌ಮೆಂಟ್‌ಗೆ ಹೋಗುವಾಗ ಅವನನ್ನೂ ಎತ್ತಿಕೊಂಡು ಹೋಗಿ ತೋರಿಸಿ. ಇಡೀ ಬೀಜ ಮಾತ್ರ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗಿನ ಬೆಣ್ಣೆಯನ್ನು ಬಿಸಿನೀರಿನಲ್ಲಿ ತೆಳ್ಳಗೆ ಕಲಸಿ ಆರಿಸಿ ಕೊಡುವುದು ರೂಢಿ. ಅಕ್ಕ ಇರುವ ಮನೆಯಲ್ಲಿ ಅದನ್ನು ಹೇಗೆ ಇಟ್ಟುಕೊಳ್ಳುವುದು ಅಂತಲೂ ಅವತ್ತೇ ಕೇಳಿ, ಚಾಲೆಂಜ್ ಆಗುವವರೆಗೆ ಅವಳ ಕೈಗೆ ಸಿಗಬಾರದು ಅಲ್ವಾ.

ತುಂಟಿಯ ಅಮ್ಮ:

ಅಯ್ಯೋ, ಈ ಕೊನೆಯದು ನನಗೆ ಹೊಳೆದಿರಲೇ ಇಲ್ಲ. ಬರೆದಿಟ್ಟುಕೊಂಡೆ. ಮುಂದಿನ ವಾರ ಅತ್ತೆ, ನಾನು, ಎರಡೂ ಮಕ್ಕಳು ಸೇರಿ ಹೋಗುತ್ತಿದ್ದೇವೆ. ಅರಾ ಎಚ್ 2 ಬಗ್ಗೆಯೂ ಕೇಳುತ್ತೇನೆ. ದಿನ ಗೊತ್ತಾದರೆ ಇಲ್ಲೇ ಬಂದು ಹೇಳುತ್ತೇನೆ.